ಸಮುದ್ರದಾಚೆಯ ವಿದ್ಯೆ ಮತ್ತು ಶ್ರಾವಕನ ವ್ರತ

ಪರದೇಶದ ವಿಶ್ವವಿದ್ಯಾಲಯಗಳಲ್ಲಿ ವ್ಯಾಸಂಗ ಮಾಡಬೇಕೆಂಬ ಆಕಾಂಕ್ಷೆ ನಮ್ಮ ಸಮಾಜದ ತರುಣ ತರುಣಿಯರಲ್ಲಿ ಇಂದು ಸಾಮಾನ್ಯವಾಗಿದೆ. ಒಂದು ಕಾಲದಲ್ಲಿ ಮುಂಬಯಿ, ಅಹಮದಾಬಾದುಗಳ ಕೆಲವೇ ಮನೆತನಗಳಿಗೆ ಸೀಮಿತವಾಗಿದ್ದ ಈ ಯೋಚನೆ ಈಗ ಬೆಳಗಾವಿ, ಹುಬ್ಬಳ್ಳಿ, ಮೂಡುಬಿದಿರೆ, ಹಾಸನಗಳ ಸಾಧಾರಣ ವ್ಯಾಪಾರಿಗಳ ಹಾಗೂ ಒಕ್ಕಲುತನದವರ ಮನೆಗಳನ್ನೂ ಪ್ರವೇಶಿಸಿದೆ. ಇಂತಹ ಮನೆಗಳಲ್ಲಿ ಸಾಮಾನ್ಯವಾಗಿ ಎರಡು ಪ್ರಶ್ನೆಗಳು ಚರ್ಚೆಗೆ ಬರುತ್ತವೆ. ಯಾವ ವಿಶ್ವವಿದ್ಯಾಲಯ ಎಂಬುದು ಮೊದಲನೆಯದು. ಎಷ್ಟು ಖರ್ಚು ಎಂಬುದು ಎರಡನೆಯದು. ಹೋಗುವವನು ಯಾವ ನಿಯಮವನ್ನು ಜೊತೆಗೆ ಒಯ್ಯಬೇಕು ಎಂಬ ಮೂರನೆಯ ಪ್ರಶ್ನೆಯನ್ನು ಕೇಳುವವರು ವಿರಳ. ಸುಮಾರು ನೂರ ಮೂವತ್ತೈದು ವರ್ಷಗಳ ಹಿಂದೆ ಈ ಮೂರನೆಯ ಪ್ರಶ್ನೆಯೇ ಎಲ್ಲಕ್ಕಿಂತ ಮುಂದಿತ್ತು. ಆಗ ಅದಕ್ಕೆ ದೊರೆತ ಉತ್ತರಗಳಲ್ಲಿ ಕೆಲವು ತಪ್ಪಾಗಿದ್ದವು, ಕೆಲವು ಸರಿಯಾಗಿದ್ದವು. ಎರಡನ್ನೂ ಬೇರ್ಪಡಿಸಿ ನೋಡಿದರೆ ಇಂದಿನ ಅರ್ಜಿದಾರರಿಗೂ ಅವರ ತಂದೆತಾಯಿಗಳಿಗೂ ಪ್ರಯೋಜನವಾಗುವುದೆಂಬ ಭಾವನೆಯಿಂದ ಈ ಲೇಖನವನ್ನು ವಾಚಕರ ಮುಂದಿಡುತ್ತಿದ್ದೇನೆ.

ಸಮುದ್ರಯಾನ ನಿಷಿದ್ಧವೇ?

ಸಮುದ್ರವನ್ನು ದಾಟುವುದರಿಂದಲೇ ಧರ್ಮ ಕೆಡುತ್ತದೆ ಎಂಬ ನಂಬಿಕೆ ಹತ್ತೊಂಬತ್ತನೆಯ ಶತಮಾನದಲ್ಲಿ ಪಶ್ಚಿಮ ಭಾರತದ ವಣಿಕ ಜಾತಿಗಳಲ್ಲಿ ಬಲವಾಗಿತ್ತು. ನಮ್ಮವರೂ ಅದಕ್ಕೆ ಹೊರತಾಗಿರಲಿಲ್ಲ. ಆದರೆ ಜೈನ ಕಥಾಸಾಹಿತ್ಯವನ್ನು ಬಲ್ಲವರಿಗೆ ಈ ನಂಬಿಕೆ ವಿಚಿತ್ರವೆನಿಸದಿರದು. ಶ್ವೇತಾಂಬರ ಆಗಮವಾದ ಜ್ಞಾತಧರ್ಮಕಥೆಯಲ್ಲಿ ಮಲ್ಲಿಯ ವೃತ್ತಾಂತದೊಳಗೆ ಚಂಪಾನಗರದ ಶ್ರಾವಕ ಅರ್ಹನ್ನಕನ ಪ್ರಸಂಗವಿದೆ. ಅವನು ಹಡಗಿನ ವ್ಯಾಪಾರಿ. ನಡುಗಡಲಿನಲ್ಲಿ ದೇವನೊಬ್ಬ ಪಿಶಾಚರೂಪ ತಾಳಿ, ವ್ರತವನ್ನು ಬಿಡದಿದ್ದರೆ ಹಡಗನ್ನು ಮುಳುಗಿಸುವೆನೆಂದು ಬೆದರಿಸಿದಾಗಲೂ ಅವನು ಚಲಿಸಲಿಲ್ಲ. ದಿಗಂಬರ ಪರಂಪರೆಯಲ್ಲಿ ಪುನ್ನಾಟ ಸಂಘದ ಜಿನಸೇನರು ಕ್ರಿ.ಶ. 783ರಲ್ಲಿ ಮುಗಿಸಿದ ಹರಿವಂಶಪುರಾಣದಲ್ಲಿ ಚಾರುದತ್ತನ ಕಥೆ ಬರುತ್ತದೆ. ವ್ಯಸನದಿಂದ ಸಂಪತ್ತನ್ನು ಕಳೆದುಕೊಂಡ ಆ ವಣಿಕಪುತ್ರ ಪುನಃ ಗಳಿಸುವುದಕ್ಕಾಗಿ ಸಮುದ್ರಯಾನವನ್ನು ಕೈಕೊಳ್ಳುತ್ತಾನೆ. ಈ ಎರಡು ಕಥೆಗಳಲ್ಲಿಯೂ ಕಡಲು ಪರೀಕ್ಷೆಯ ಸ್ಥಳವಾಗಿದೆಯೇ ಹೊರತು ಪಾಪದ ಸ್ಥಳವಾಗಿಲ್ಲ.

ಶ್ರಾವಕಾಚಾರ ಗ್ರಂಥಗಳಲ್ಲಿ ದಿಗ್ವ್ರತವೆಂಬ ಗುಣವ್ರತವೊಂದಿದೆ. ಇಂತಿಂಥ ದಿಕ್ಕಿನಲ್ಲಿ ಇಷ್ಟು ದೂರದ ಆಚೆಗೆ ಹೋಗುವುದಿಲ್ಲವೆಂದು ಗೃಹಸ್ಥನು ತಾನಾಗಿಯೇ ಎಲ್ಲೆ ಹಾಕಿಕೊಳ್ಳುವ ನಿಯಮವದು. ಎಲ್ಲೆಯನ್ನು ನಿರ್ಧರಿಸುವವನು ವ್ರತಿ, ಜಾತಿಯ ಪಂಚಾಯತಿಯಲ್ಲ. ಈ ವ್ರತಕ್ಕೆ ಹೇಳಿರುವ ಐದು ಅತಿಚಾರಗಳಲ್ಲಿ ಕೊನೆಯ ಎರಡು ವಿಶೇಷವಾಗಿ ಮನನೀಯ. ಲೋಭದಿಂದ ಎಲ್ಲೆಯನ್ನು ಹಿಗ್ಗಿಸಿಕೊಳ್ಳುವುದು ಕ್ಷೇತ್ರವೃದ್ಧಿ. ಹಾಕಿಕೊಂಡ ಎಲ್ಲೆಯನ್ನೇ ಮರೆತುಬಿಡುವುದು ಸ್ಮೃತ್ಯಂತರಾಧಾನ. ದೂರ ಹೋಗುವುದನ್ನು ದೋಷವೆಂದು ಹೇಳದೆ, ಸ್ವತಃ ಒಪ್ಪಿಕೊಂಡದ್ದನ್ನು ಮರೆಯುವುದನ್ನು ದೋಷವೆಂದು ಹೇಳಿರುವುದು ನಮ್ಮ ಆಚಾರ್ಯರ ಸೂಕ್ಷ್ಮದೃಷ್ಟಿಗೆ ಸಾಕ್ಷಿ.

1888ರ ಒಂದು ಪ್ರಯಾಣ

ಮೋಹನದಾಸ ಗಾಂಧಿಯವರು 1887ರಲ್ಲಿ ಮೆಟ್ರಿಕ್ಯುಲೇಶನ್ ಮುಗಿಸಿ ಭಾವನಗರದ ಸಾಮಳದಾಸ ಕಾಲೇಜನ್ನು ಸೇರಿ, ಅಲ್ಲಿನ ಪಾಠಗಳನ್ನು ಅನುಸರಿಸಲಾಗದೆ ಮನೆಗೆ ಮರಳಿದ್ದರು. ಕುಟುಂಬದ ಹಿತೈಷಿಗಳಾದ ಮಾವಜೀ ದವೆಯವರು, ಹುಡುಗನನ್ನು ಇಂಗ್ಲೆಂಡಿಗೆ ಕಳುಹಿಸಿದರೆ ಮೂರು ವರ್ಷಗಳಲ್ಲಿ ಬ್ಯಾರಿಸ್ಟರನಾಗಿ ಬರುವನೆಂದು ಸಲಹೆಯಿತ್ತರು. ಮುಂದಿನ ಘಟನೆಗಳು ಇಂದಿನ ಯಾವುದೇ ಅರ್ಜಿದಾರನ ಮನೆಯಲ್ಲಿ ನಡೆಯುವಂಥವೇ. ಪೋರಬಂದರಿನ ಆಡಳಿತಾಧಿಕಾರಿ ಲೇಲಿ ಸಾಹೇಬರಲ್ಲಿ ಸಹಾಯ ಕೇಳಲಾಯಿತು. ಮೊದಲು ಪದವಿ ಮುಗಿಸಿಕೊಂಡು ಬಾ ಎಂದು ಅವರು ಕಳುಹಿಸಿಬಿಟ್ಟರು. ಹಣವನ್ನು ಹೊಂದಿಸುವ ಭಾರ ಅಣ್ಣನ ಮೇಲೆ ಬಿದ್ದಿತು.

ತಾಯಿ ಪುತಲೀಬಾಯಿಯವರ ಚಿಂತೆ ಬೇರೆಯಾಗಿತ್ತು. ವಿಲಾಯಿತಿಗೆ ಹೋದ ಹುಡುಗರು ಕೆಡುತ್ತಾರೆಂದು ಅವರು ಕೇಳಿದ್ದರು. ಆ ಮನೆಗೆ ಆಪ್ತರಾಗಿದ್ದ ಬೇಚರಜೀ ಸ್ವಾಮಿಗಳು ಇದಕ್ಕೆ ದಾರಿ ತೋರಿಸಿದರು. ಅವರು ಮೂಲತಃ ಮೋಢ ಬನಿಯಾ ಜಾತಿಯವರು. ಆಮೇಲೆ ಜೈನ ಸಾಧುಗಳಾದವರು. ಮದ್ಯ, ಮಾಂಸ, ಪರಸ್ತ್ರೀಸಂಗ ಇವುಗಳನ್ನು ಮುಟ್ಟುವುದಿಲ್ಲವೆಂದು ಅವರು ಹುಡುಗನಿಂದ ಮೂರು ಪ್ರತಿಜ್ಞೆಗಳನ್ನು ಮಾಡಿಸಿದ ಬಳಿಕ ತಾಯಿ ಅನುಮತಿಯಿತ್ತರು.

ಮುಂಬಯಿಯಲ್ಲಿ ಜಾತಿಯ ಸಭೆ ಸೇರಿತು. ಪರದೇಶದಲ್ಲಿ ಧರ್ಮವನ್ನು ಕಾಪಾಡಿಕೊಳ್ಳುವುದು ಅಸಾಧ್ಯವೆಂದು ಶೇಠರು ವಾದಿಸಿದರು. ತಾಯಿಯ ಮುಂದೆ ಪ್ರತಿಜ್ಞೆ ಮಾಡಿದ್ದೇನೆಂದು ತರುಣನು ಹೇಳಿದರೂ ಅವರು ಕಿವಿಗೊಡಲಿಲ್ಲ. ಅವನನ್ನು ಜಾತಿಯಿಂದ ಹೊರಗಿಟ್ಟು, ಸಹಾಯ ಮಾಡುವವರಿಗೂ ಹಡಗುಕಟ್ಟೆಯವರೆಗೆ ಹೋಗಿ ಬೀಳ್ಕೊಡುವವರಿಗೂ ಒಂದು ರೂಪಾಯಿ ನಾಲ್ಕಾಣೆ ದಂಡ ವಿಧಿಸಿದರು. ಹಣ ಇಟ್ಟುಕೊಂಡಿದ್ದ ಭಾವನು ಜಾತಿಗೆ ಹೆದರಿ ಕೊಡಲೊಪ್ಪಲಿಲ್ಲ. ಸ್ನೇಹಿತರೊಬ್ಬರಿಂದ ಕೈಸಾಲ ಪಡೆಯಬೇಕಾಯಿತು. 1888ರ ಸೆಪ್ಟೆಂಬರ್ 4ರಂದು ಹಡಗು ಹೊರಟಿತು.

ಇಲ್ಲಿ ಎರಡು ವಿಧದ ಮಾರ್ಗದರ್ಶನಗಳು ಎದುರುಬದುರಾಗಿ ನಿಂತಿರುವುದನ್ನು ವಾಚಕರು ಗಮನಿಸಬೇಕು. ಶೇಠರು ಸ್ಥಳವನ್ನು ನಿಷೇಧಿಸಿದರು. ಸಾಧುಗಳು ನಡತೆಗೆ ಎಲ್ಲೆ ಹಾಕಿದರು. ಶೇಠರ ನಿಷೇಧ ಹಡಗು ಬಂದರನ್ನು ಬಿಟ್ಟಕೂಡಲೇ ನಿರರ್ಥಕವಾಯಿತು. ಸಾಧುಗಳ ವ್ರತವಾದರೋ ಲಂಡನ್ನಿನಲ್ಲಿ ಪ್ರತಿದಿನವೂ ಕೆಲಸ ಮಾಡಿತು. ಅದು ಕೆಲಸ ಮಾಡಿದುದಕ್ಕೆ ಕಾರಣ, ಅದು ಸಂಖ್ಯೆಯಲ್ಲಿ ಮಿತವಾಗಿತ್ತು, ಸ್ಪಷ್ಟವಾಗಿತ್ತು, ಮತ್ತು ಸ್ವೀಕರಿಸಿದವನ ಬಾಯಿಂದಲೇ ಬಂದಿತ್ತು.

ಆತ್ಮಾರಾಮಜೀ ಮತ್ತು ವೀರಚಂದರು

ಐದು ವರ್ಷಗಳ ತರುವಾಯ ಅದೇ ಪ್ರಶ್ನೆ ಜೈನ ಸಮಾಜದೊಳಗೇ ಉದ್ಭವಿಸಿತು. 1893ರ ಸೆಪ್ಟೆಂಬರ್‌ನಲ್ಲಿ ಶಿಕಾಗೋ ನಗರದಲ್ಲಿ ಸರ್ವಧರ್ಮ ಸಮ್ಮೇಳನ ನಡೆಯುವುದಿತ್ತು. ಆಚಾರ್ಯ ವಿಜಯಾನಂದಸೂರಿಗಳಿಗೆ, ಅಂದರೆ ಆತ್ಮಾರಾಮಜೀ ಮಹಾರಾಜರಿಗೆ, ಆಮಂತ್ರಣ ಬಂದಿತು. ಮುನಿಧರ್ಮದ ನಿಯಮದಂತೆ ವಾಹನವನ್ನೇರಲು ಅವರಿಗೆ ಸಾಧ್ಯವಿರಲಿಲ್ಲ. ಅವರು ಆಮಂತ್ರಣವನ್ನು ನಿರಾಕರಿಸಿ ಸುಮ್ಮನಾಗಲಿಲ್ಲ. ಶ್ರಾವಕನಿಗೆ ಆ ನಿರ್ಬಂಧವಿಲ್ಲವೆಂಬುದನ್ನು ಮನಗಂಡು, ವೀರಚಂದ ರಾಘವಜೀ ಗಾಂಧಿಯವರನ್ನು ತಮ್ಮ ಪ್ರತಿನಿಧಿಯಾಗಿ ಕಳುಹಿಸಿದರು.

ಸೌರಾಷ್ಟ್ರದ ಮಹುವಾದಲ್ಲಿ 1864ರಲ್ಲಿ ಜನಿಸಿದ ವೀರಚಂದರು 1884ರಲ್ಲಿ ಮುಂಬಯಿಯ ಎಲ್ಫಿನ್‌ಸ್ಟನ್ ಕಾಲೇಜಿನ ಪದವೀಧರರಾದವರು. ಜೈನ ಅಸೋಸಿಯೇಶನ್ ಆಫ್ ಇಂಡಿಯಾದ ಕಾರ್ಯದರ್ಶಿಗಳಾಗಿ ಅನುಭವ ಪಡೆದವರು. ಆದರೂ ಆಚಾರ್ಯರು ಅವರನ್ನು ಹಾಗೆಯೇ ಹಡಗು ಹತ್ತಿಸಲಿಲ್ಲ. ಧರ್ಮದ ತತ್ತ್ವಗಳನ್ನು ಪಾಠ ಹೇಳಿ, ಪ್ರಶ್ನೋತ್ತರ ರೂಪದ ಗ್ರಂಥವೊಂದನ್ನು ಸಿದ್ಧಪಡಿಸಿದರು. ಶಿಕಾಗೋ ಪ್ರಶ್ನೋತ್ತರವೆಂದು ಅದು ಪ್ರಸಿದ್ಧವಾಗಿದೆ. ಪರದೇಶದಲ್ಲಿ ಪ್ರಶ್ನಿಸಲ್ಪಡುವವನಿಗೆ ಇಲ್ಲಿಯೇ ಉತ್ತರಗಳನ್ನು ಕಲಿಸಿ ಕಳುಹಿಸಬೇಕೆಂಬ ವಿವೇಕ ಅದರ ಹಿಂದಿತ್ತು. ಸಂಪ್ರದಾಯಸ್ಥರ ವಿರೋಧ ಪ್ರಬಲವಾಗಿದ್ದಾಗಲೂ ಆಚಾರ್ಯರು ತಮ್ಮ ಪ್ರತಿನಿಧಿಯನ್ನು ಬಿಟ್ಟುಕೊಡಲಿಲ್ಲ. ವೀರಚಂದರು 1901ರಲ್ಲಿ ಮೂವತ್ತೇಳನೆಯ ವರ್ಷ ತುಂಬುವ ಮೊದಲೇ ತೀರಿಕೊಂಡರು. ಅಷ್ಟರೊಳಗೆ ಅಮೆರಿಕ, ಇಂಗ್ಲೆಂಡುಗಳಲ್ಲಿ ಜೈನದರ್ಶನದ ಹೆಸರನ್ನು ಕೇಳಿಸಿದ್ದರು.

ವ್ರತದ ಅರ್ಥವನ್ನು ನಿರ್ಣಯಿಸುವವರು ಯಾರು?

ಲಂಡನ್ನಿನ ಗಾಂಧಿಯವರತ್ತ ಪುನಃ ದೃಷ್ಟಿ ಹರಿಸೋಣ. ಸಸ್ಯಾಹಾರಿಗಳ ಸಂಗದಲ್ಲಿ ಅವರಿಗೆ ಮಾಂಸವೆಂಬ ಶಬ್ದಕ್ಕೆ ಮೂರು ವ್ಯಾಖ್ಯೆಗಳು ಎದುರಾದವು. ಪಶುಪಕ್ಷಿಗಳ ಮಾಂಸ ಮಾತ್ರ ಮಾಂಸ, ಮೀನು ಅಲ್ಲವೆಂಬುದು ಒಂದು. ಸಕಲ ಪ್ರಾಣಿಗಳ ಮಾಂಸವೂ ವರ್ಜ್ಯ, ಆದರೆ ಮೊಟ್ಟೆಗೆ ಅಡ್ಡಿಯಿಲ್ಲವೆಂಬುದು ಇನ್ನೊಂದು. ಪ್ರಾಣಿಜನ್ಯವಾದ ಮೊಟ್ಟೆ, ಹಾಲುಗಳೂ ಸೇರುತ್ತವೆಂಬುದು ಮೂರನೆಯದು. ಮೊದಲನೆಯದನ್ನು ಹಿಡಿದರೆ ಊಟಕ್ಕೆ ಎಷ್ಟೋ ಅನುಕೂಲವಿತ್ತು. ಪ್ರತಿಜ್ಞೆ ಮಾಡಿಸಿದ ತಾಯಿ ಆ ಶಬ್ದವನ್ನು ಯಾವ ಅರ್ಥದಲ್ಲಿ ತಿಳಿದಿದ್ದರೋ ಅದೇ ತಮ್ಮನ್ನು ಬಂಧಿಸುವ ಅರ್ಥವೆಂದು ಅವರು ತೀರ್ಮಾನಿಸಿ, ಕೆಲಕಾಲ ತಿನ್ನುತ್ತಿದ್ದ ಮೊಟ್ಟೆಯನ್ನು ಬಿಟ್ಟುಬಿಟ್ಟರು. ಆ ಬಳಿಕ ಪ್ರತಿಯೊಂದು ತಿನಿಸಿನಲ್ಲಿಯೂ ಏನೇನು ಸೇರಿದೆಯೆಂದು ವಿಚಾರಿಸಬೇಕಾದ ಸಂಕೋಚವನ್ನೂ ಸಹಿಸಿದರು.

ನನ್ನ ಅಭಿಪ್ರಾಯದಲ್ಲಿ ಇಂದಿನ ಅರ್ಜಿದಾರನಿಗೆ ಇತಿಹಾಸವು ಕೊಡುವ ಪಾಠಗಳಲ್ಲಿ ಇದೇ ಪ್ರಧಾನವಾದುದು. ಮಾತನ್ನು ಕೊಟ್ಟವನು ಒಳಗೊಳಗೆ ಇಟ್ಟುಕೊಂಡ ಅರ್ಥ ಮಾತಿನ ಅರ್ಥವಾಗಲಾರದು. ಪಡೆದುಕೊಂಡವನು ಪ್ರಾಮಾಣಿಕವಾಗಿ ತಿಳಿದ ಅರ್ಥವೇ ಅದರ ಅರ್ಥ. ವಿಶ್ವವಿದ್ಯಾಲಯವು ಅರ್ಜಿಯ ಕೊನೆಯಲ್ಲಿ, ಮೇಲಿನ ಬರೆಹ ನನ್ನದೇ ಎಂದು ಸಹಿ ಮಾಡಿಸಿಕೊಳ್ಳುತ್ತದೆ. ಯಂತ್ರದಿಂದಲೋ ಏಜೆಂಟರಿಂದಲೋ ಬರೆಯಿಸಿ, ನಡುನಡುವೆ ನಾಲ್ಕು ಪದ ಬದಲಿಸಿ, ನನ್ನದೇ ಎನ್ನುವವನು ಮೀನು ಮಾಂಸವಲ್ಲ ಎನ್ನುವವರ ಪಂಗಡಕ್ಕೆ ಸೇರಿದವನು. ಓದುವ ಪ್ರಾಧ್ಯಾಪಕನು ಆ ಸಹಿಯಿಂದ ಏನನ್ನು ತಿಳಿಯುವನೆಂದು ತನ್ನನ್ನೇ ಕೇಳಿಕೊಂಡರೆ ಸಂಶಯಕ್ಕೆ ಅವಕಾಶವಿರದು.

ಅದೇ ಆತ್ಮಕಥೆಯಲ್ಲಿ ಇನ್ನೊಂದು ಪ್ರಸಂಗವಿದೆ. ಬಾಲ್ಯವಿವಾಹವಾಗಿದ್ದ ಭಾರತೀಯ ವಿದ್ಯಾರ್ಥಿಗಳು ಅಲ್ಲಿ ತಾವು ಅವಿವಾಹಿತರೆಂದು ಹೇಳಿಕೊಳ್ಳುವ ರೂಢಿಯಿತ್ತು. ಪತ್ನಿಯೂ ಪುತ್ರನೂ ಇದ್ದ ಗಾಂಧಿಯವರೂ ಅದನ್ನು ಅನುಸರಿಸಿದ್ದರು. ತಮ್ಮನ್ನು ಮಗನಂತೆ ಕಾಣುತ್ತಿದ್ದ ವೃದ್ಧ ಮಹಿಳೆಯೊಬ್ಬರು ತರುಣಿಯೊಬ್ಬಳ ಪರಿಚಯ ಮಾಡಿಸತೊಡಗಿದಾಗ, ಅವರು ಆಕೆಗೆ ಪತ್ರ ಬರೆದು ಸತ್ಯವನ್ನು ತಿಳಿಸಿದರು. ಎಲ್ಲರೂ ಹೇಳುವ ಸುಳ್ಳು ಸುಳ್ಳಲ್ಲವೆಂಬ ಸಮಾಧಾನ ಆಗಲೂ ಇತ್ತು, ಈಗಲೂ ಇದೆ.

ಕೂಟಲೇಖಕ್ರಿಯೆ

ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಸತ್ಯಾಣುವ್ರತದ ಅತಿಚಾರಗಳನ್ನು ಎಣಿಸುವಲ್ಲಿ ಕೂಟಲೇಖಕ್ರಿಯೆ ಎಂಬ ಹೆಸರು ಬರುತ್ತದೆ. ಅದನ್ನು ಸುಳ್ಳು ದಸ್ತಾವೇಜು ಎಂದಷ್ಟೇ ಸಾಮಾನ್ಯವಾಗಿ ಅರ್ಥೈಸುವುದುಂಟು. ಪೂಜ್ಯಪಾದರು ಸರ್ವಾರ್ಥಸಿದ್ಧಿಯಲ್ಲಿ ಇದನ್ನು ಇನ್ನಷ್ಟು ಖಚಿತವಾಗಿ ವಿವರಿಸಿದ್ದಾರೆ. ಒಬ್ಬನು ಆಡದ ಮಾತನ್ನು ಆಡಿದನೆಂದು, ಮಾಡದ ಕಾರ್ಯವನ್ನು ಮಾಡಿದನೆಂದು, ಇನ್ನೊಬ್ಬರ ಪ್ರೇರಣೆಯಿಂದ ವಂಚನೆಯ ಉದ್ದೇಶವಿಟ್ಟು ಬರೆಯುವುದು ಎಂಬುದು ಅವರ ವಿವರಣೆಯ ತಾತ್ಪರ್ಯ. ಪ್ರಾಧ್ಯಾಪಕರು ಬರೆಯದ ಶಿಫಾರಸು ಪತ್ರ, ಮಾಡದ ಸೇವಾಕಾರ್ಯದ ಪ್ರಮಾಣಪತ್ರ, ಕಾಣದ ಕಚೇರಿಯ ಅನುಭವಪತ್ರ, ಇವನ್ನೆಲ್ಲ ಮುಂದೆ ಕುಳಿತು ಪ್ರೇರೇಪಿಸುವ ಸಲಹೆಗಾರ: ಒಂದೂವರೆ ಸಾವಿರ ವರ್ಷಗಳಷ್ಟು ಹಿಂದೆ ಮಾಡಿದ ಲಕ್ಷಣ ಈ ಎಲ್ಲಕ್ಕೂ ಒಪ್ಪುತ್ತದೆ.

ಅಸ್ತೇಯವ್ರತದ ಅತಿಚಾರಗಳಲ್ಲಿ ಇನ್ನೆರಡು ಪ್ರಸ್ತುತವಾಗಿವೆ. ನಕಲಿಯನ್ನು ಅಸಲಿನಂತೆ ನಡೆಸುವುದು ಪ್ರತಿರೂಪಕವ್ಯವಹಾರ. ರಾಜ್ಯದ ಕಟ್ಟಳೆಯನ್ನು ಮೀರುವುದು ವಿರುದ್ಧರಾಜ್ಯಾತಿಕ್ರಮ. ಬ್ರಿಟನ್ನಿನ ವೀಸಾಕ್ಕೆ ನಿಗದಿತ ಮೊತ್ತವು ಸತತ 28 ದಿನ ಖಾತೆಯಲ್ಲಿರಬೇಕೆಂಬ ನಿಯಮವಿದೆ. ಆ ಅವಧಿಗೆಂದೇ ಬಡ್ಡಿಗೆ ಹಣ ತಂದು ಖಾತೆಯಲ್ಲಿಟ್ಟು, ತನ್ನದೆಂದು ತೋರಿಸಿ, ಆಮೇಲೆ ಹಿಂದಿರುಗಿಸುವುದನ್ನು ಕೆಲವರು ವ್ಯವಹಾರಚಾತುರ್ಯವೆಂದು ಭಾವಿಸುತ್ತಾರೆ. ಅಂಗಡಿಯ ಶಿಲ್ಕನ್ನು ತಪಾಸಣೆಯ ದಿನದ ಮಟ್ಟಿಗೆ ಸಾಲ ತಂದು ಭರ್ತಿ ಮಾಡುವ ಗುಮಾಸ್ತನನ್ನು ನಾವು ಏನೆಂದು ಕರೆಯುತ್ತೇವೆಯೋ ಇದನ್ನೂ ಅದೇ ಹೆಸರಿನಿಂದ ಕರೆಯಬೇಕು. ಹಾಗೆಯೇ ಅಮೆರಿಕದಲ್ಲಿಯೂ ಬ್ರಿಟನ್ನಿನಲ್ಲಿಯೂ ಪಾಠದ ಅವಧಿಯಲ್ಲಿ ವಿದ್ಯಾರ್ಥಿಯು ವಾರಕ್ಕೆ 20 ಗಂಟೆಗಿಂತ ಹೆಚ್ಚು ದುಡಿಯಬಾರದೆಂಬ ನಿರ್ಬಂಧವಿದೆ. ಲೆಕ್ಕಕ್ಕೆ ಸಿಗದಂತೆ ನಗದು ಪಡೆದು ದುಡಿಯುವುದು ಆ ರಾಜ್ಯದ ಕಟ್ಟಳೆಯ ಅತಿಕ್ರಮವೇ.

ಇವು ಕೇವಲ ಪರಲೋಕದ ಚಿಂತೆಗಳೆಂದು ಯಾರೂ ತಿಳಿಯಬಾರದು. 2011ರ ಜನವರಿಯಲ್ಲಿ ಕ್ಯಾಲಿಫೋರ್ನಿಯಾದ ಟ್ರೈವ್ಯಾಲಿ ಎಂಬ ವಿಶ್ವವಿದ್ಯಾಲಯದ ಮೇಲೆ ಅಧಿಕಾರಿಗಳು ದಾಳಿ ಮಾಡಿ ಅದನ್ನು ಮುಚ್ಚಿಸಿದರು. ಅದರ ವಿದ್ಯಾರ್ಥಿಗಳಲ್ಲಿ ಬಹುಪಾಲು ಭಾರತೀಯರಿದ್ದರು. ಮಿಶಿಗನ್ ರಾಜ್ಯದ ಫಾರ್ಮಿಂಗ್‌ಟನ್ ವಿಶ್ವವಿದ್ಯಾಲಯವು ಸರ್ಕಾರವೇ ಬೇಹಿಗಾಗಿ ಹೂಡಿದ ಹುಸಿ ಸಂಸ್ಥೆಯೆಂಬುದು 2019ರ ಜನವರಿಯಲ್ಲಿ ಬಯಲಾದಾಗಲೂ ಸಿಕ್ಕಿಬಿದ್ದವರಲ್ಲಿ ಹೆಚ್ಚಿನವರು ನಮ್ಮ ದೇಶದವರೇ. ಕೆನಡಾದಲ್ಲಿ ಏಜೆಂಟರು ಸೃಷ್ಟಿಸಿಕೊಟ್ಟ ನಕಲಿ ಪ್ರವೇಶಪತ್ರಗಳಿಂದಾಗಿ ಭಾರತೀಯ ವಿದ್ಯಾರ್ಥಿಗಳು ಗಡೀಪಾರಿನ ಭೀತಿಯನ್ನು ಎದುರಿಸಿದ ಸಂಗತಿ 2023ರಲ್ಲಿ ಪತ್ರಿಕೆಗಳನ್ನು ತುಂಬಿತ್ತು. ಅವರಲ್ಲಿ ಎಷ್ಟೋ ಮಂದಿಗೆ ತಮ್ಮ ಪತ್ರ ನಕಲಿಯೆಂಬುದೇ ತಿಳಿದಿರಲಿಲ್ಲವೆಂದು ಅವರು ಹೇಳಿದರು. ಅದೇ ವರ್ಷದ ಡಿಸೆಂಬರ್‌ನಿಂದ ಆ ದೇಶವು ಪ್ರತಿಯೊಂದು ಪ್ರವೇಶಪತ್ರವನ್ನೂ ವಿದ್ಯಾಸಂಸ್ಥೆಯಿಂದಲೇ ದೃಢಪಡಿಸಿಕೊಳ್ಳುವ ಕ್ರಮವನ್ನು ಜಾರಿಗೆ ತಂದಿತು. ಭಾರತೀಯ ಅರ್ಜಿದಾರರ ಅಂಕಪಟ್ಟಿಗಳನ್ನು ಮೊದಲೇ ಪರಿಶೀಲಿಸುವ ವ್ಯವಸ್ಥೆಯನ್ನು ಜರ್ಮನಿಯು 2022ರ ನವೆಂಬರ್‌ನಲ್ಲಿ ಕಡ್ಡಾಯಗೊಳಿಸಿತು. ಕೆಲವರ ಕೂಟಲೇಖದಿಂದ ಎಲ್ಲರ ಮಾತಿನ ಬೆಲೆ ಇಳಿಯಿತು. ಪ್ರಾಮಾಣಿಕ ವಿದ್ಯಾರ್ಥಿಯೂ ಈಗ ಹೆಚ್ಚು ಕಾಲ, ಹೆಚ್ಚು ಶುಲ್ಕ ತೆರಬೇಕಾಗಿದೆ.

ಆದುದರಿಂದ ಅರ್ಜಿ ಹಾಕುವವರು ಕೆಲವು ಸಂಗತಿಗಳನ್ನು ಸ್ವತಃ ಮಾಡಬೇಕು. ವಿಶ್ವವಿದ್ಯಾಲಯಕ್ಕೆ ಮಾನ್ಯತೆಯಿದೆಯೇ ಎಂಬುದನ್ನು ಆ ದೇಶದ ಅಧಿಕೃತ ಪಟ್ಟಿಯಲ್ಲಿ ನೋಡಬೇಕು. ಅರ್ಜಿಯ ಖಾತೆಯನ್ನು ತನ್ನದೇ ವಿಳಾಸದಿಂದ ತೆರೆದು ಗುಪ್ತಪದವನ್ನು ತನ್ನಲ್ಲಿಯೇ ಇಟ್ಟುಕೊಳ್ಳಬೇಕು. ಪ್ರವೇಶಪತ್ರ ಬಂದಾಗ ವಿಶ್ವವಿದ್ಯಾಲಯದ ಪ್ರವೇಶ ಕಚೇರಿಗೆ ನೇರವಾಗಿ ಬರೆದು ಖಚಿತಪಡಿಸಿಕೊಳ್ಳಬೇಕು. ಶಿಫಾರಸು ಪತ್ರವನ್ನು ತನ್ನನ್ನು ನಿಜವಾಗಿ ಬಲ್ಲ ಅಧ್ಯಾಪಕರಲ್ಲಿ ಎರಡು ತಿಂಗಳಾದರೂ ಮುಂಚಿತವಾಗಿ ವಿನಯದಿಂದ ಕೇಳಬೇಕು. ಒಟ್ಟು ಸಿದ್ಧತೆಗೆ ಒಂದು ವರ್ಷದಿಂದ ಒಂದೂವರೆ ವರ್ಷ ಬೇಕು. ಅವಸರವೇ ಏಜೆಂಟನ ಬಂಡವಾಳ.

ಜಮಾ-ಖರ್ಚು

ಲಂಡನ್ನಿನ ಮೊದಲ ತಿಂಗಳುಗಳಲ್ಲಿ ಗಾಂಧಿಯವರು ಬಾಂಡ್ ಸ್ಟ್ರೀಟಿನಲ್ಲಿ ಹತ್ತು ಪೌಂಡಿನ ಉಡುಪು ಹೊಲಿಸಿದರು. ನರ್ತನಕ್ಕೆ, ಪಿಟೀಲಿಗೆ, ಭಾಷಣಕಲೆಗೆ ಹಣ ತೆತ್ತರು. ಈ ಮೋಹ ಸುಮಾರು ಮೂರು ತಿಂಗಳು ಇದ್ದಿತು. ಅದರಿಂದ ಅವರನ್ನು ಹೊರತಂದ ಸಾಧನಗಳಲ್ಲಿ ಲೆಕ್ಕದ ಪುಸ್ತಕವೂ ಒಂದು. ಬಸ್ಸಿನ ದರ, ಅಂಚೆಯ ಚೀಟಿ ಸಹಿತ ಪ್ರತಿಯೊಂದನ್ನೂ ಬರೆದು, ಪ್ರತಿರಾತ್ರಿ ಮಲಗುವ ಮುನ್ನ ಶಿಲ್ಕು ಹೊಂದಿಸುತ್ತಿದ್ದರು. ಅಣ್ಣನ ಹಣವೆಂಬ ಅರಿವು ಆ ಪುಸ್ತಕದ ಪ್ರತಿ ಪುಟದಲ್ಲಿತ್ತು.

ಇಂದಿನ ಸಾಲದ ಗಣಿತವನ್ನು ಒಂದು ಉದಾಹರಣೆಯಿಂದ ತಿಳಿಯಬಹುದು. 30 ಲಕ್ಷ ರೂಪಾಯಿಯನ್ನು ಶೇಕಡಾ 10ರ ಬಡ್ಡಿಗೆ ಒಮ್ಮೆಲೇ ಪಡೆದನೆನ್ನೋಣ. ಓದುವ ಎರಡು ವರ್ಷ ಕಂತು ಕಟ್ಟಬೇಕಾಗಿಲ್ಲವೆಂದು ಹುಡುಗ ಸಂತೋಷಪಡುತ್ತಾನೆ. ಕಂತಿಗೆ ರಜೆಯಿದ್ದರೂ ಬಡ್ಡಿಗೆ ರಜೆಯಿಲ್ಲ. ಸರಳಬಡ್ಡಿಯೇ ಆದರೂ 6 ಲಕ್ಷ ಸೇರಿ ಸಾಲವು 36 ಲಕ್ಷವಾಗುತ್ತದೆ. ಅದನ್ನು ಹತ್ತು ವರ್ಷಗಳಲ್ಲಿ ತೀರಿಸಲು ತಿಂಗಳಿಗೆ ಸುಮಾರು 47,500 ರೂಪಾಯಿ ಬೇಕು. ಒಟ್ಟು ಕಟ್ಟುವ ಮೊತ್ತ 57 ಲಕ್ಷದಷ್ಟಾಗುತ್ತದೆ. ಅಲ್ಲಿ ಕೆಲಸ ದೊರೆಯದೆ ಊರಿಗೆ ಮರಳಿದರೆ ಈ ಕಂತನ್ನು ಇಲ್ಲಿಯ ಸಂಬಳದಿಂದ ಕಟ್ಟಲಾದೀತೇ? ಈ ಪ್ರಶ್ನೆಗೆ ಕಾಗದದ ಮೇಲೆ ಉತ್ತರ ಬರೆಯದೆ ತಂದೆಯು ಸಹಸಾಲಗಾರನಾಗಿ ಸಹಿ ಮಾಡಬಾರದು. ಮನೆಯನ್ನೋ ಹೊಲವನ್ನೋ ಅಡವಿಡಬಾರದು. ಪರಿಗ್ರಹಕ್ಕೆ ಪರಿಮಾಣವಿರುವಂತೆ ಋಣಕ್ಕೂ ಪರಿಮಾಣವಿರಬೇಕು. ಆ ಎಲ್ಲೆಯನ್ನು ಮೊದಲೇ ಗೊತ್ತುಪಡಿಸಿಕೊಂಡು, ಪ್ರವೇಶಪತ್ರ ಕೈಗೆ ಬಂದ ಉತ್ಸಾಹದಲ್ಲಿ ಹಿಗ್ಗಿಸದಿರುವುದೇ ಕ್ಷೇತ್ರವೃದ್ಧಿಯೆಂಬ ಅತಿಚಾರದಿಂದ ಪಾರಾಗುವ ಬಗೆ.

ಸಾಲವೊಂದೇ ದಾರಿಯೆಂದು ಭಾವಿಸಬೇಕಾಗಿಲ್ಲ. ಜರ್ಮನಿಯ ಹೆಚ್ಚಿನ ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ಬೋಧನಾ ಶುಲ್ಕವಿಲ್ಲ. ಬಾಡೆನ್-ವುರ್ಟೆಂಬೆರ್ಗ್ ರಾಜ್ಯ ಮಾತ್ರ 2017ರಿಂದ ಯುರೋಪಿನ ಒಕ್ಕೂಟದ ಹೊರಗಿನವರಿಗೆ ಅರ್ಧವರ್ಷಕ್ಕೆ 1,500 ಯೂರೋ ವಿಧಿಸತೊಡಗಿತು. ಜೀವನವೆಚ್ಚಕ್ಕೆಂದು ಮುಂಗಡವಾಗಿ ಖಾತೆಯಲ್ಲಿಡಬೇಕಾದ ಮೊತ್ತವನ್ನು 2024ರ ಸೆಪ್ಟೆಂಬರ್‌ನಲ್ಲಿ ವರ್ಷಕ್ಕೆ 11,904 ಯೂರೋಗೆ ಏರಿಸಲಾಯಿತು. ಅಮೆರಿಕದಲ್ಲಿ ಪಿಎಚ್.ಡಿ.ಗೆ ಸೇರುವವರಲ್ಲಿ ಅನೇಕರಿಗೆ ಬೋಧನೆ ಅಥವಾ ಸಂಶೋಧನೆಯ ಸಹಾಯಕತ್ವದೊಡನೆ ಶುಲ್ಕವಿನಾಯಿತಿ ದೊರೆಯುತ್ತದೆ. ಫುಲ್‌ಬ್ರೈಟ್-ನೆಹರು, ಕಾಮನ್‌ವೆಲ್ತ್ ವಿದ್ಯಾರ್ಥಿವೇತನಗಳಿವೆ. ಜಮ್‌ಶೇಟ್‌ಜೀ ಟಾಟಾ ಅವರು 1892ರಲ್ಲಿ ಸ್ಥಾಪಿಸಿದ ದತ್ತಿಯು ಪರದೇಶದ ವ್ಯಾಸಂಗಕ್ಕೆ ದಾನವನ್ನಲ್ಲದೆ ಸಾಲರೂಪದ ವೇತನವನ್ನು ಕೊಡುತ್ತ ಬಂದಿದೆ. ಅದರ ಪ್ರಥಮ ಫಲಾನುಭವಿಗಳು ಇಬ್ಬರು ಮಹಿಳಾ ವೈದ್ಯರು. ನಮ್ಮ ತುಮಕೂರು ಸೀಮೆಯ ವಿಜ್ಞಾನಿ ರಾಜಾರಾಮಣ್ಣನವರೂ ಆ ದತ್ತಿಯ ನೆರವಿನಿಂದ ಲಂಡನ್ನಿನಲ್ಲಿ ಓದಿದವರು. ಒಬ್ಬನು ತೀರಿಸಿದ ಹಣ ಇನ್ನೊಬ್ಬನ ಪ್ರಯಾಣಕ್ಕೆ ಒದಗುವ ಈ ವ್ಯವಸ್ಥೆಯಲ್ಲಿ ಸಾಲ ತೀರಿಸುವುದೇ ದಾನವಾಗುತ್ತದೆ.

ಹೋದವರು, ಹೋಗದವರು

ಪರದೇಶಕ್ಕೆ ಹೋದವರೆಲ್ಲ ಕೆಟ್ಟರೆಂಬುದೂ ಹೋದವರೆಲ್ಲ ಉದ್ಧಾರವಾದರೆಂಬುದೂ ಇತಿಹಾಸಕ್ಕೆ ಸಮ್ಮತವಲ್ಲ. ಚಂಪತರಾಯ ಜೈನರು 1892ರಲ್ಲಿ ಇಂಗ್ಲೆಂಡಿಗೆ ಹೋಗಿ 1897ರಲ್ಲಿ ಬ್ಯಾರಿಸ್ಟರರಾದರು. ಆರಂಭದಲ್ಲಿ ಅವರು ಪಾಶ್ಚಾತ್ಯ ಜೀವನರೀತಿಗೆ ಪೂರ್ಣವಾಗಿ ಒಲಿದಿದ್ದರು. ಕಾಲಾನಂತರ ಸ್ವಧರ್ಮದ ಅಧ್ಯಯನಕ್ಕೆ ತೊಡಗಿ 1915ರಲ್ಲಿ ಕೀ ಆಫ್ ನಾಲೆಡ್ಜ್ ಎಂಬ ಬೃಹದ್ಗ್ರಂಥವನ್ನು ಪ್ರಕಟಿಸಿದರು. ಮರೆತ ಎಲ್ಲೆ ಮತ್ತೆ ನೆನಪಾಗಬಹುದೆಂಬುದಕ್ಕೆ ಅವರು ನಿದರ್ಶನ.

ಕರಾವಳಿಯ ನೆಲ್ಲಿಕಾರಿನಲ್ಲಿ 1923ರಲ್ಲಿ ತುಳು ಮಾತನಾಡುವ ದಿಗಂಬರ ಕುಟುಂಬದಲ್ಲಿ ಜನಿಸಿದ ಪದ್ಮನಾಭ ಜೈನಿಯವರ ಜೀವನ ಇನ್ನೂ ಹೆಚ್ಚು ಬೋಧಪ್ರದ. ಬಾಲ್ಯದಲ್ಲಿಯೇ ಮನೆಯಿಂದ ಬಹುದೂರ, ವಿದರ್ಭದ ಕಾರಂಜಾ ಗುರುಕುಲದಲ್ಲಿ ಓದಿದರು. ತರುವಾಯ ನಾಸಿಕ, ಅಹಮದಾಬಾದುಗಳಲ್ಲಿ ಸಂಸ್ಕೃತ ಪ್ರಾಕೃತಗಳ ಅಭ್ಯಾಸ, ಪಾಲಿ ಭಾಷೆಗಾಗಿ ಸಿಂಹಳಕ್ಕೆ ಪ್ರಯಾಣ, ಕಾಶಿಯಲ್ಲಿ ಅಧ್ಯಾಪನ. 1956ರಲ್ಲಿ ಲಂಡನ್ ವಿಶ್ವವಿದ್ಯಾಲಯಕ್ಕೆ ಹೋಗುವಾಗ ಅವರು ತಮ್ಮ ವಿಷಯದಲ್ಲಿ ಪಕ್ವರಾಗಿದ್ದರು. ಅಲ್ಲಿಂದ ಮಿಶಿಗನ್, 1972ರಿಂದ ಬರ್ಕ್ಲಿ. 1979ರಲ್ಲಿ ಪ್ರಕಟವಾದ ಅವರ ದಿ ಜೈನ ಪಾತ್ ಆಫ್ ಪ್ಯೂರಿಫಿಕೇಶನ್ ಗ್ರಂಥವು ಪಾಶ್ಚಾತ್ಯ ವಿದ್ಯಾರ್ಥಿಗಳಿಗೆ ಜೈನಧರ್ಮದ ಪ್ರವೇಶದ್ವಾರವಾಯಿತು. 2021ರಲ್ಲಿ ಅವರು ನಿಧನರಾದರು. ಕಲಿಯಲು ಹೋಗುವವನು ಕಲಿಸಬಲ್ಲ ಒಂದನ್ನಾದರೂ ಜೊತೆಗೆ ಒಯ್ದರೆ ಅವನ ಸ್ಥಾನವೇ ಬೇರೆ.

ಹೋಗದವರಿಗೂ ನ್ಯಾಯ ಸಲ್ಲಬೇಕು. ಚಿಕ್ಕೋಡಿ ತಾಲ್ಲೂಕಿನ ಸದಲಗಾದಲ್ಲಿ 1906ರಲ್ಲಿ ಹುಟ್ಟಿದ ಡಾ. ಆ.ನೇ. ಉಪಾಧ್ಯೆಯವರು ತಮ್ಮ ಪದವಿಗಳನ್ನೆಲ್ಲ ಇಲ್ಲಿಯೇ ಪಡೆದರು. ಕೊಲ್ಲಾಪುರದ ರಾಜಾರಾಮ ಕಾಲೇಜಿನಲ್ಲಿ ಮೂರು ದಶಕ ಅರ್ಧಮಾಗಧಿ ಪಾಠ ಹೇಳಿದರು. 1935ರಲ್ಲಿ ಅವರು ಸಂಪಾದಿಸಿದ ಪ್ರವಚನಸಾರವನ್ನು ಯುರೋಪಿನ ವಿದ್ವಾಂಸರು ಗೌರವದಿಂದ ಓದಿದರು. ಆಯ್ಕೆಯಾಗದ ವಿದ್ಯಾರ್ಥಿ, ಹಣ ಹೊಂದದ ವಿದ್ಯಾರ್ಥಿನಿ ಈ ಹೆಸರನ್ನು ನೆನಪಿಡಬೇಕು. ನಿರಾಕರಣೆಯ ಪತ್ರವು ವಿದ್ಯೆಯ ನಿರಾಕರಣೆಯಲ್ಲ.

ಸಮಾಜದ ಹೊಣೆ

1899ರಲ್ಲಿ ಸ್ತವನಿಧಿಯಲ್ಲಿ ದಕ್ಷಿಣ ಭಾರತ ಜೈನ ಸಭೆಯನ್ನು ಸ್ಥಾಪಿಸಿದವರು ಶಿಕ್ಷಣವನ್ನು ಮುಖ್ಯ ಧ್ಯೇಯವಾಗಿಟ್ಟುಕೊಂಡರು. ಶೇಠ ಮಾಣಿಕಚಂದ ಹಿರಾಚಂದರು ಮುಂಬಯಿ, ಕೊಲ್ಲಾಪುರ ಮೊದಲಾದೆಡೆ ವಿದ್ಯಾರ್ಥಿನಿಲಯಗಳನ್ನು ಕಟ್ಟಿಸಿಕೊಟ್ಟರು. 1915ರಲ್ಲಿ ವಿಜಯವಲ್ಲಭಸೂರಿಗಳ ಪ್ರೇರಣೆಯಿಂದ ಮುಂಬಯಿಯಲ್ಲಿ ಮಹಾವೀರ ಜೈನ ವಿದ್ಯಾಲಯ ಆರಂಭವಾಯಿತು. ದಂಡ ಹಾಕುವುದಕ್ಕಿಂತ ಅನ್ನ, ವಸತಿ, ವ್ರತಗಳನ್ನು ಒದಗಿಸುವುದು ಲೇಸೆಂದು ಆ ತಲೆಮಾರು ಅರಿತಿತ್ತು. ಬಹಿಷ್ಕಾರ ಹಾಕುವ ಶೇಠರು ಇಂದು ಇಲ್ಲ. ಅವರ ಸ್ಥಾನದಲ್ಲಿ ಸಮಾರಂಭ ಮಾಡಿ ಹಾರ ಹಾಕಿ ಬೀಳ್ಕೊಡುವ ನಾವಿದ್ದೇವೆ. ಅವರು ನಡತೆಯನ್ನು ವಿಚಾರಿಸದೆ ದಂಡಿಸಿದರು. ನಾವು ನಡತೆಯನ್ನು ವಿಚಾರಿಸದೆ ಸನ್ಮಾನಿಸುತ್ತಿದ್ದೇವೆ. ಎರಡರಲ್ಲಿಯೂ ವಿದ್ಯಾರ್ಥಿಗೆ ಮಾರ್ಗದರ್ಶನ ದೊರೆಯಲಿಲ್ಲ.

ನಮ್ಮ ಟ್ರಸ್ಟುಗಳು ಪರದೇಶದ ವ್ಯಾಸಂಗಕ್ಕೆ ಬಡ್ಡಿಯಿಲ್ಲದ ಸಣ್ಣ ಸಾಲಗಳನ್ನಾದರೂ ಕೊಟ್ಟು, ತೀರಿಸಿದವರ ಹಾಗೂ ತೀರಿಸದವರ ಮೊತ್ತವನ್ನು ವಾರ್ಷಿಕ ಲೆಕ್ಕದಲ್ಲಿ ಪ್ರಕಟಿಸುವುದು ಒಳಿತು. ಅರ್ಜಿಗಳನ್ನು ಓದಿ ತಿದ್ದದೆಯೇ ಸಲಹೆ ನೀಡಬಲ್ಲ, ಹೊರಗೆ ಓದಿ ಬಂದ ಇಬ್ಬರು ಮೂವರು ಪ್ರತಿ ಊರಿನ ಬಸದಿಯ ಪರಿಸರದಲ್ಲಿ ದೊರೆಯದಿರಲಾರರು. ಹೋದ ನೆಲದಲ್ಲಿಯೂ ವಿದ್ಯಾರ್ಥಿ ಒಬ್ಬಂಟಿಯಲ್ಲ. ಉತ್ತರ ಅಮೆರಿಕದ ಜೈನ ಸಂಘಗಳ ಒಕ್ಕೂಟವು 1981ರಲ್ಲಿ ರೂಪುಗೊಂಡಿತು; ಇಂಗ್ಲೆಂಡಿನ ಲೆಸ್ಟರಿನ ಜಿನಮಂದಿರದಲ್ಲಿ 1988ರಲ್ಲಿ ಪ್ರತಿಷ್ಠೆ ನೆರವೇರಿತು. ಹೊರಡುವ ಮೊದಲೇ ಅಂತಹ ಸಂಘಕ್ಕೆ ಪತ್ರ ಬರೆದಿಟ್ಟರೆ ಊಟವಸತಿಗಳ ಮೊದಲ ಕಷ್ಟ ಕಡಿಮೆಯಾದೀತು.

ವಿದ್ಯಾರ್ಥಿಗಳಿಗೆ ವ್ರತಗಳ ದೊಡ್ಡ ಪಟ್ಟಿಯನ್ನು ಕೊಡುವ ಇಚ್ಛೆ ನನಗಿಲ್ಲ. ಮಾತು ಮೂರೇ ಇರಲಿ. ನಾನು ಬರೆಯದುದನ್ನು ನನ್ನದೆಂದು ಬರೆಯೆನು. ನನ್ನ ಮನೆಯವರು ತೀರಿಸಲಾರದ ಸಾಲವನ್ನು ಅವರ ಹೆಸರಿನಲ್ಲಿ ಮಾಡೆನು. ನನ್ನ ಆಹಾರದ ನಿಯಮವನ್ನು ನನ್ನ ತಾಯಿ ತಿಳಿದಿರುವ ಅರ್ಥದಲ್ಲಿಯೇ ಪಾಲಿಸುವೆನು. ಇವನ್ನು ಹಿರಿಯರು ಹೇರಬಾರದು. ಹೋಗುವವನು ತಾನಾಗಿ ಆಡಬೇಕು, ಆಡಿದುದನ್ನು ಬರೆದಿಟ್ಟುಕೊಳ್ಳಬೇಕು. ದಿಗ್ವ್ರತದ ಐದನೆಯ ಅತಿಚಾರ ಮರೆವು. ಅದಕ್ಕೆ ಬರೆಹಕ್ಕಿಂತ ಸುಲಭವಾದ ಪರಿಹಾರವಿಲ್ಲ.